ಮಗಳ ಒಂದು ಕಾಲು ಗಿಡ್ಡ, ಶಟಲ್ ಚೆನ್ನಾಗಿ ಆಡುತ್ತಾಳೆ: ಸುಹಾಸ್ ಯತಿರಾಜ್ ನಡೆದ ದಾರಿ ಅವಳಿಗೂ ಇದೆಯೇ?

ಪ್ರಶ್ನೆ: ನಾನು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಮಗಳಿಗೆ 13 ವರ್ಷ, ಎಂಟನೇ ಕ್ಲಾಸು. ಹುಟ್ಟಿನಿಂದಲೇ ಎಡಗಾಲು ಗಿಡ್ಡ, ನಡೆಯುವಾಗ ಕುಂಟುತ್ತಾಳೆ. ಆದರೆ ಕೊಯ್ಲು ಮುಗಿದು ಕಣ ಖಾಲಿಯಾದರೆ ಸಾಕು, ಬ್ಯಾಟು ಹಿಡಿದು ನಿಂತುಬಿಡುತ್ತಾಳೆ. ಬಲಗೈ ಆಟ. ಅವಳ ಅಣ್ಣನೂ ಅವನ ಸ್ನೇಹಿತರೂ ಅವಳೆದುರು ಸೋಲುತ್ತಾರೆ. ಶಾಲೆಯ ಪಿಟಿ ಮಾಸ್ಟರು ಪ್ಯಾರಾಲಿಂಪಿಕ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದ ಹಾಸನದ ಸುಹಾಸ್ ಯತಿರಾಜ್ ಅವರ ಹೆಸರು ಹೇಳಿ, ಪ್ಯಾರಾ ಬ್ಯಾಡ್ಮಿಂಟನ್‌ಗೆ ಸೇರಿಸಿ ಎನ್ನುತ್ತಿದ್ದಾರೆ. ಸುಹಾಸ್ ಅಷ್ಟು ಎತ್ತರಕ್ಕೆ ಹೋದದ್ದು ಹೇಗೆ? ಕೊಡಗಿನಲ್ಲಿದ್ದುಕೊಂಡು ಇದು ಆಗುವ ಮಾತೇ? ಓದು ಬಿಡಿಸಬೇಕಾಗುತ್ತದೆಯೇ? ನನ್ನ ಹೆಂಡತಿಗೆ ಇನ್ನೊಂದು ಚಿಂತೆ: ಅಂಗವಿಕಲರ ಆಟಕ್ಕೆ ಸೇರಿಸಿದರೆ ಊರವರು ಜೀವಮಾನವಿಡೀ ಅವಳನ್ನು ಹಾಗೇ ನೋಡುತ್ತಾರೆ ಎಂದು.

ಉತ್ತರ: ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಶಟಲ್ ಅವಳು ಬಿಡಬೇಕಾಗಿಲ್ಲ, ಕೊಡಗಿನಲ್ಲಿದ್ದುಕೊಂಡೇ ಶುರು ಮಾಡಬಹುದು, ಓದು ಬಿಡಿಸುವ ಮಾತು ಬೇಡವೇ ಬೇಡ. ಅಲ್ಲಿಂದ ಮುಂದೆ ಹೋಗಬೇಕಾದರೆ ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿವರ ಬೇಕು. ಅವಳ ಎಡಗಾಲು ಬಲಗಾಲಿಗಿಂತ ಎಷ್ಟು ಸೆಂಟಿಮೀಟರ್ ಗಿಡ್ಡ? ಪ್ಯಾರಾ ಆಟದ ಮಿಕ್ಕ ಲೆಕ್ಕವೆಲ್ಲ ನಿಂತಿರುವುದು ಆ ಅಳತೆಯ ಮೇಲೆ. ರ‍್ಯಾಕೆಟ್, ಶೂ, ಕೋಚಿಂಗ್ ಎಂದು ಸಾಲ ಮಾಡಿ ಖರ್ಚು ಮಾಡಿದ ಮನೆಯವರು, ಕೂಟಕ್ಕೆ ಹೋದ ದಿನ, ದೇಹದ ತೊಂದರೆ ಅಳೆದು ಆಟಗಾರರನ್ನು ವರ್ಗಕ್ಕೆ ಸೇರಿಸುವ ವರ್ಗೀಕರಣದ ಮೇಜಿನೆದುರು ಮಗು ಅರ್ಹತೆಯ ಒಳಗೆ ಬರುವುದಿಲ್ಲ ಎಂದು ಕೇಳಿ ಕಂಗಾಲಾದದ್ದನ್ನು ಕಂಡಿದ್ದೇನೆ. ನಿಮ್ಮ ಮಗಳಿಗೆ ಆ ದಿನ ಬರುವುದು ಬೇಡ.

ಪ್ಯಾರಾ ಬ್ಯಾಡ್ಮಿಂಟನ್‌ನಲ್ಲಿ ಆರು ವರ್ಗಗಳಿವೆ. ಗಾಲಿಕುರ್ಚಿಯಲ್ಲಿ ಕೂತು ಆಡುವವರಿಗೆ ಡಬ್ಲ್ಯುಎಚ್ 1 ಮತ್ತು ಡಬ್ಲ್ಯುಎಚ್ 2. ನಿಂತು ಆಡುವವರಲ್ಲಿ ಕಾಲಿನ ತೊಂದರೆ ಇರುವವರಿಗೆ ಎಸ್‌ಎಲ್ 3 ಮತ್ತು ಎಸ್‌ಎಲ್ 4, ಕೈಯ ತೊಂದರೆ ಇರುವವರಿಗೆ ಎಸ್‌ಯು 5. ದೇಹದ ಎತ್ತರ ತೀರಾ ಕಡಿಮೆ ಇರುವವರಿಗೆ ಎಸ್‌ಎಚ್ 6. ಬಲೆಯ ಎತ್ತರ ಎಲ್ಲರಿಗೂ ಒಂದೇ, 21 ಪಾಯಿಂಟಿನ ಮೂರು ಗೇಮುಗಳ ಲೆಕ್ಕವೂ ಒಂದೇ. ಬದಲಾಗುವುದು ಅಂಗಳದ ಅಳತೆ. ಕಾಲಿನ ತೊಂದರೆ ಹೆಚ್ಚಿರುವ ಎಸ್‌ಎಲ್ 3ರವರು ಸಿಂಗಲ್ಸ್‌ನಲ್ಲಿ ಅಂಗಳವನ್ನು ಉದ್ದಕ್ಕೆ ಸೀಳಿದ ಅರ್ಧದಲ್ಲಿ ಮಾತ್ರ ಆಡುತ್ತಾರೆ. ತೊಂದರೆ ಕಡಿಮೆಯಿರುವ ಎಸ್‌ಎಲ್ 4ರವರಿಗೆ ಪೂರ್ತಿ ಅಂಗಳ. ಸುಹಾಸ್ ಅವರದು ಎಸ್‌ಎಲ್ 4. ಕಾಲಿನ ಉದ್ದದ ವ್ಯತ್ಯಾಸ ಒಂದೇ ಕಾರಣವಾಗಿದ್ದರೆ ನಿಮ್ಮ ಮಗಳೂ ಬರುವುದು ಅದೇ ವರ್ಗಕ್ಕೆ. ಅದಕ್ಕೆ ವ್ಯತ್ಯಾಸ ಕನಿಷ್ಠ 7 ಸೆಂಟಿಮೀಟರ್ ಇರಬೇಕು. ಅಳೆಯುವುದು ಚಪ್ಪಲಿ ಹಾಕಿಸಿ ನಿಲ್ಲಿಸಿಕೊಂಡಲ್ಲ. ಮಲಗಿಸಿ, ಸೊಂಟದ ಮೂಳೆಯ ಮುಂದಿನ ಚಾಚಿನಿಂದ ಕಣಕಾಲಿನ ಒಳಬದಿಯ ಗಂಟಿನ ತನಕ ಟೇಪು ಹಿಡಿಯುತ್ತಾರೆ.

ವ್ಯತ್ಯಾಸ ಮೂರೋ ನಾಲ್ಕೋ ಸೆಂಟಿಮೀಟರ್ ಇದ್ದರೂ ಕಣ್ಣಿಗೆ ಎದ್ದು ಕಾಣುವಷ್ಟು ಕುಂಟು ಇರುತ್ತದೆ. ಆದ್ದರಿಂದ ಕುಂಟು ನೋಡಿ ತೀರ್ಮಾನಕ್ಕೆ ಬರಬೇಡಿ. ಉದ್ದ ಸಾಲದಿದ್ದರೂ ಬಾಗಿಲು ಮುಚ್ಚಿತು ಎಂದಲ್ಲ. ಹುಟ್ಟಿನಿಂದ ಕಾಲು ಗಿಡ್ಡ ಇರುವ ಮಕ್ಕಳಲ್ಲಿ ಹಲವರಿಗೆ ಕಣಕಾಲಿನ ಕೀಲು ಪೂರ್ತಿ ಬಗ್ಗುವುದಿಲ್ಲ, ಇಲ್ಲವೇ ಮೀನಖಂಡದ ಬಲ ಕಡಿಮೆ ಇರುತ್ತದೆ. ಸ್ನಾಯುವಿನ ಬಲ, ಕೀಲಿನ ಚಲನೆ ಇವುಗಳಿಗೂ ಬೇರೆ ಬೇರೆ ಮಾನದಂಡ ಇವೆ. ಡಾಕ್ಟರ ವರದಿಯಲ್ಲಿ ಉದ್ದದ ಜೊತೆಗೆ ಇವೆರಡನ್ನೂ ಬರೆಸಿ.

ಇಲ್ಲಿ ತುಂಬಾ ಜನ ಎಡವುತ್ತಾರೆ. ಸರ್ಕಾರ ಕೊಡುವ ಅಂಗವೈಕಲ್ಯ ಪ್ರಮಾಣಪತ್ರ ಬೇರೆ, ಆಟದ ವರ್ಗೀಕರಣ ಬೇರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ 40 ಅಂಗವೈಕಲ್ಯ ಇರಬೇಕು. ಜಿಲ್ಲಾಸ್ಪತ್ರೆಯ ಮೂಲಕ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ, ಕೂಟಗಳಿಗೆ ಹೆಸರು ಕೊಡುವಾಗ ಕೇಳುತ್ತಾರೆ, ವಿದ್ಯಾರ್ಥಿವೇತನಕ್ಕೂ ಆಗುತ್ತದೆ. ಆದರೆ ಶೇ 50 ಎಂದು ಬರೆದ ಕಾರ್ಡ್ ಇದ್ದರೂ ಆಟದ ವರ್ಗಕ್ಕೆ ಬಾರದೆ ಹೋಗಬಹುದು. ವರ್ಗ ಕೊಡುವುದು ಕೂಟಕ್ಕೆ ಮುಂಚೆ ಕೂರುವ ವರ್ಗೀಕರಣ ತಂಡ. ಅವರು ದೇಹ ಪರೀಕ್ಷೆ ಮಾಡುತ್ತಾರೆ, ಅಂಗಳದಲ್ಲಿ ಓಡಾಡಿಸಿ ನೋಡುತ್ತಾರೆ, ಪಂದ್ಯ ಆಡುವಾಗಲೂ ಗಮನಿಸುತ್ತಾರೆ. ಆಗ ಮಗಳು ತನ್ನ ಕೈಲಾದಷ್ಟು ಚೆನ್ನಾಗಿಯೇ ಆಡಬೇಕು. ಕಾಲು ಇನ್ನೂ ಹೆಚ್ಚು ಎಳೆದು ತೋರಿಸು ಎಂದು ಯಾರಾದರೂ ಹೇಳಿಕೊಟ್ಟರೆ ಅಂಥವರನ್ನು ದೂರ ಇಡಿ. ಅದು ದೊಡ್ಡ ಅಪರಾಧ, ವರ್ಷಗಟ್ಟಲೆ ನಿಷೇಧ ಆಗುತ್ತದೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಲೇಬೇಕು. ಅವಳಿಗೆ ಬರೀ 13. ಮೂಳೆ ಇನ್ನೂ ಬೆಳೆಯುತ್ತಿದೆ, ಎರಡು ಕಾಲುಗಳ ನಡುವಿನ ವ್ಯತ್ಯಾಸವೂ ಅದರ ಜೊತೆಗೆ ಬದಲಾಗಬಹುದು. ಬೆಳೆಯುವ ಮಕ್ಕಳಿಗೆ ವರ್ಗ ಕೊಟ್ಟರೂ ಇಂಥ ವರ್ಷ ಮತ್ತೆ ಪರೀಕ್ಷೆ ಎಂದು ಬರೆದಿಡುವುದು ಅದಕ್ಕೇ. ಈ ವಯಸ್ಸಿನಲ್ಲಿ ಮೂಳೆ ಡಾಕ್ಟರು ಉದ್ದ ಕಾಲಿನ ಬೆಳವಣಿಗೆಯನ್ನು ತಡೆಯುವ ಅಥವಾ ಗಿಡ್ಡ ಕಾಲನ್ನು ಹಂತಹಂತವಾಗಿ ಉದ್ದ ಮಾಡುವ ಆಪರೇಷನ್ ಸೂಚಿಸಬಹುದು. ಆಪರೇಷನ್ ಆದರೆ ವರ್ಗ ಹೋಗುತ್ತದಲ್ಲ ಎಂದು ಯಾರೂ ಅದನ್ನು ಮುಂದೂಡಬಾರದು. ಬೆನ್ನೆಲುಬು ಬಾಗದೆ, ಸೊಂಟ ಸವೆಯದೆ ಮಗಳು ಐವತ್ತರಲ್ಲೂ ನೆಟ್ಟಗೆ ನಡೆಯುವುದು ಯಾವ ಪದಕಕ್ಕಿಂತಲೂ ದೊಡ್ಡದು. ಚಿಕಿತ್ಸೆಯ ನಂತರ ಅವಳು ಪ್ಯಾರಾ ವರ್ಗದಿಂದ ಹೊರಗೆ ಬಂದರೆ ಸಂತೋಷಪಡಿ, ಎಲ್ಲರ ಜೊತೆ ಆಡಲಿ.

ಇನ್ನು ಸುಹಾಸ್ ಅವರ ವಿಷಯ. ಲಾಳಿನಕೆರೆ ಯತಿರಾಜ್ ಸುಹಾಸ್ ಹುಟ್ಟಿದ್ದು 1983ರಲ್ಲಿ, ನಮ್ಮ ಪಕ್ಕದ ಹಾಸನದಲ್ಲಿ. ಒಂದು ಕಾಲಿನ ಕಣಕಾಲಿನಲ್ಲಿ ತೊಂದರೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್ ಓದಿದರು, 2007ರ ತಂಡದಲ್ಲಿ ಐಎಎಸ್ ಆಗಿ ಉತ್ತರ ಪ್ರದೇಶಕ್ಕೆ ಹೋದರು. ಶಟಲ್ ಅವರಿಗೆ ಚಿಕ್ಕಂದಿನಿಂದ ಮೆಚ್ಚಿನ ಆಟ. ಅಂತರರಾಷ್ಟ್ರೀಯ ಮಟ್ಟದಲ್ಲಿ ಹೆಸರು ಕೇಳಿಬಂದದ್ದು ಮಾತ್ರ 2016ರಲ್ಲಿ, ಬೀಜಿಂಗ್‌ನ ಏಷ್ಯನ್ ಪ್ಯಾರಾ ಬ್ಯಾಡ್ಮಿಂಟನ್ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದಾಗ. ಆಗ ಅವರಿಗೆ 33. ಆಜಂಗಢದ ಜಿಲ್ಲಾಧಿಕಾರಿಯಾಗಿದ್ದರು. ಹಗಲು ಕಚೇರಿ, ರಾತ್ರಿ ಅಭ್ಯಾಸ.

2021ರ ಟೋಕಿಯೊ ಪ್ಯಾರಾಲಿಂಪಿಕ್ಸ್‌ಗೆ ಹೋದಾಗ ಅವರು ನೋಯ್ಡಾ ಇರುವ ಗೌತಮ ಬುದ್ಧ ನಗರದ ಜಿಲ್ಲಾಧಿಕಾರಿ. ಕೋವಿಡ್ ಶುರುವಾದಾಗ ಆ ಜಿಲ್ಲೆಯ ಹೊಣೆ ಹೊತ್ತಿದ್ದರು. ಗುಂಪು ಹಂತದಲ್ಲೇ ಫ್ರಾನ್ಸಿನ ಲುಕಾಸ್ ಮಜೂರ್ ಎದುರು ಸೋತರು, ಆದರೂ ಫೈನಲ್ ತಲುಪಿದರು, ಅಲ್ಲಿ ಮತ್ತೆ ಅದೇ ಮಜೂರ್. ಮೊದಲ ಗೇಮ್ 21-15 ಸುಹಾಸ್ ಅವರದಾಯಿತು. ಮುಂದಿನ ಎರಡನ್ನು 17-21, 15-21ರಲ್ಲಿ ಬಿಟ್ಟುಕೊಟ್ಟರು. ಬೆಳ್ಳಿ. ಆಮೇಲೆ 2023ರ ಅಕ್ಟೋಬರ್‌ನಲ್ಲಿ ಹ್ಯಾಂಗ್‌ಝೌ ಏಷ್ಯನ್ ಪ್ಯಾರಾ ಗೇಮ್ಸ್‌ನ ಫೈನಲ್‌ನಲ್ಲಿ ಮಲೇಷ್ಯಾದ ಮೊಹಮ್ಮದ್ ಅಮೀನ್ ಬುರ್ಹಾನುದ್ದೀನ್ ಎದುರು ಮೊದಲ ಗೇಮ್ 13-21 ಸೋತು, ಮಿಕ್ಕೆರಡನ್ನು 21-18, 21-9 ಗೆದ್ದು ಚಿನ್ನ ಪಡೆದರು. 2024ರಲ್ಲಿ ಥಾಯ್ಲೆಂಡಿನ ಪಟ್ಟಾಯದಲ್ಲಿ ಇಂಡೊನೇಷ್ಯಾದ ಫ್ರೆಡಿ ಸೆಟಿಯವಾನ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು. ಅದೇ ವರ್ಷ ಪ್ಯಾರಿಸ್‌ನಲ್ಲಿ ಭಾರತದವರೇ ಆದ ಸುಕಾಂತ್ ಕದಂ ಅವರನ್ನು ಸೆಮಿಫೈನಲ್‌ನಲ್ಲಿ ಮಣಿಸಿ ಮತ್ತೆ ಫೈನಲ್‌ಗೆ ಬಂದರು. ಎದುರಿಗೆ ಮತ್ತೆ ಮಜೂರ್. 9-21, 13-21. ಎರಡನೇ ಬೆಳ್ಳಿ.

ಈ ಅಂಕಿಗಳನ್ನು ನಾನು ಓದುವುದು ಹೀಗೆ. ಟೋಕಿಯೊ ಫೈನಲ್ ಆಡಿದಾಗ ಸುಹಾಸ್‌ಗೆ 38, ಪ್ಯಾರಿಸ್ ಹೊತ್ತಿಗೆ 41. ಮಜೂರ್ ಅಂತೂ ಸುಹಾಸ್‌ಗಿಂತ 14 ವರ್ಷ ಚಿಕ್ಕವರು. ಪೂರ್ತಿ ಅಂಗಳದ ಆಟದಲ್ಲಿ ಮೂರನೇ ಗೇಮ್ ಎಂದರೆ ಕಾಲಿನ ಪರೀಕ್ಷೆ. ಕೈಯ ಜಾಣತನಕ್ಕೆ ವಯಸ್ಸಾಗುವುದು ನಿಧಾನ, ಕಾಲಿಗೆ ಬೇಗ. ನಲವತ್ತರ ಆಸುಪಾಸಿನ, ದೊಡ್ಡ ಹುದ್ದೆಯ ಹೊರೆ ಹೊತ್ತ ಒಬ್ಬರು ಸತತ ಎರಡು ಪ್ಯಾರಾಲಿಂಪಿಕ್ಸ್‌ಗಳ ಫೈನಲ್ ಆಡಿದ್ದು ನನ್ನ ಲೆಕ್ಕದಲ್ಲಿ ನಮ್ಮ ರಾಜ್ಯದ ಕ್ರೀಡಾ ಇತಿಹಾಸದ ಬಹಳ ದೊಡ್ಡ ಸಾಧನೆಗಳಲ್ಲಿ ಒಂದು. ಅದಕ್ಕೆ ಸಿಗಬೇಕಾದಷ್ಟು ಗೌರವ ಇನ್ನೂ ಸಿಕ್ಕಿಲ್ಲ.

ಆದರೆ ಅವರು ತಡವಾಗಿ ಬಂದದ್ದನ್ನು ಮಾದರಿಯಾಗಿ ಹಿಡಿಯಬೇಡಿ. ಅವರ ಹುಡುಗತನದಲ್ಲಿ ಈ ಆಟ ಪ್ಯಾರಾಲಿಂಪಿಕ್ಸ್‌ನಲ್ಲಿ ಇರಲೇ ಇಲ್ಲ. ಸೇರಿಸುವ ತೀರ್ಮಾನ ಆದದ್ದು 2014ರಲ್ಲಿ, ಮೊದಲು ಆಡಿಸಿದ್ದು ಟೋಕಿಯೊದಲ್ಲಿ. ನಿಮ್ಮ ಮಗಳ ಕಾಲಕ್ಕೆ ದಾರಿ ಆಗಲೇ ತೆರೆದಿದೆ. ಪ್ಯಾರಿಸ್‌ನಲ್ಲಿ ಎಸ್‌ಯು 5ರಲ್ಲಿ ಬೆಳ್ಳಿ ಗೆದ್ದ ತುಳಸಿಮತಿ ಮುರುಗೇಶನ್‌ಗೆ ಆಗ 22, ಅದೇ ವರ್ಗದಲ್ಲಿ ಕಂಚು ಗೆದ್ದ ಮನೀಷಾ ರಾಮದಾಸ್‌ಗೂ ಎಸ್‌ಎಚ್ 6ರ ಕಂಚು ಗೆದ್ದ ನಿತ್ಯಶ್ರೀ ಶಿವನ್‌ಗೂ 19. ಮೂವರೂ ತಮಿಳುನಾಡಿನವರು. ತುಳಸಿಮತಿಗೆ ಆಟ ಕಲಿಸಿದವರು ಅವಳ ತಂದೆಯೇ, ದೊಡ್ಡ ಅಕಾಡೆಮಿಯಲ್ಲ. ಆಡುತ್ತಲೇ ಪಶುವೈದ್ಯಕೀಯ ಓದಿಗೂ ಸೇರಿದಳು. ಓದು ಬಿಡಿಸಬೇಕೇ ಎಂದು ಕೇಳಿದ್ದಿರಲ್ಲ, ಸುಹಾಸ್, ತುಳಸಿಮತಿ, ಐಐಟಿ ಮಂಡಿಯಲ್ಲಿ ಓದಿ ಪ್ಯಾರಿಸ್‌ನಲ್ಲಿ ಎಸ್‌ಎಲ್ 3ರ ಚಿನ್ನ ಗೆದ್ದ ನಿತೇಶ್ ಕುಮಾರ್ ಇವರನ್ನು ನೋಡಿ. ನಿತೇಶ್ ಬ್ಯಾಡ್ಮಿಂಟನ್ ಕಡೆ ಗಂಭೀರವಾಗಿ ತಿರುಗಿದ್ದೇ ಕಾಲೇಜಿನಲ್ಲಿ.

ನಿಮ್ಮ ಮಗಳಿಗೆ ಇವರೆಲ್ಲರಿಗಿಂತ ಹತ್ತಿರದ ಉದಾಹರಣೆ ಇಂಡೊನೇಷ್ಯಾದ ಲಿಯಾನಿ ರತ್ರಿ ಒಕ್ತಿಲಾ. ಮೊದಲು ಎಲ್ಲರಂತೆ ಸಾಮಾನ್ಯ ಬ್ಯಾಡ್ಮಿಂಟನ್ ಆಡುತ್ತಿದ್ದವರು. 2011ರಲ್ಲಿ ಬೈಕ್ ಅಪಘಾತವಾಗಿ ಒಂದು ಕಾಲು ಗಿಡ್ಡವಾಯಿತು. ಅವರದೂ ಎಸ್‌ಎಲ್ 4. ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಸಿಂಗಲ್ಸ್ ಫೈನಲ್‌ನಲ್ಲಿ ಚೀನಾದ ಚೆಂಗ್ ಹೆಫಾಂಗ್ ಎದುರು ಸೋತು ಬೆಳ್ಳಿ ಪಡೆದರು, ಥೇಟ್ ಸುಹಾಸ್ ಕಥೆಯೇ. ಆದರೆ ಡಬಲ್ಸ್‌ನಲ್ಲಿ ಟೋಕಿಯೊದಲ್ಲಿ ಎರಡು ಚಿನ್ನ, ಪ್ಯಾರಿಸ್‌ನಲ್ಲಿ ಮಿಶ್ರ ಡಬಲ್ಸ್‌ನ ಚಿನ್ನ ಅವರದೇ. ಅವರ ಪಂದ್ಯಗಳ ವಿಡಿಯೊ ಮೊಬೈಲಿನಲ್ಲಿ ಸಿಗುತ್ತವೆ. ಮಗಳ ಜೊತೆ ಕೂತು ನೋಡಿ. ರ‍್ಯಾಲಿ ಬಿಟ್ಟು ಪಾದ ಮಾತ್ರ ನೋಡಲು ಅವಳಿಗೆ ಹೇಳಿ.

ಡಬಲ್ಸ್ ಮಾತು ಬಂದದ್ದರಿಂದ ಒಂದು ನಿಯಮ ಹೇಳಿಬಿಡುತ್ತೇನೆ. ನಿಂತು ಆಡುವವರ ಎಸ್‌ಎಲ್ 3 - ಎಸ್‌ಯು 5 ಜೋಡಿಯಾಟದಲ್ಲಿ ಇಬ್ಬರ ವರ್ಗದ ಅಂಕಿ ಕೂಡಿದರೆ 8 ದಾಟಬಾರದು. ಅಂದರೆ 3ರವರಿಗೆ 5ರವರು ಜೊತೆಯಾಗಬಹುದು, 4ರವರಿಗೆ 4ರವರೋ 3ರವರೋ. ಒಳ್ಳೆಯ ಎಸ್‌ಎಲ್ 4 ಹುಡುಗಿಯನ್ನು ಜೋಡಿಗಾಗಿ ಹುಡುಕಿಕೊಂಡು ಬರುತ್ತಾರೆ. ಹಾಗೇ ವರ್ಗಕ್ಕೆ ಇನ್ನೊಂದು ಮುಖವೂ ಇದೆ. ಮಾನಸಿ ಜೋಶಿ 2019ರಲ್ಲಿ ಬಾಸೆಲ್‌ನಲ್ಲಿ ಎಸ್‌ಎಲ್ 3ರ ವಿಶ್ವ ಚಾಂಪಿಯನ್ ಆದರು, ದೇಶವೆಲ್ಲ ಕೊಂಡಾಡಿತು. ಟೋಕಿಯೊದ 14 ಸ್ಪರ್ಧೆಗಳ ಪಟ್ಟಿಯಲ್ಲಿ ಮಹಿಳೆಯರ ಎಸ್‌ಎಲ್ 3 ಸಿಂಗಲ್ಸ್ ಇರಲೇ ಇಲ್ಲ. ವಿಶ್ವ ಚಾಂಪಿಯನ್‌ಗೆ ಅಲ್ಲಿ ಸಿಂಗಲ್ಸ್ ಆಡಲು ಜಾಗವೇ ಇರಲಿಲ್ಲ. ಪ್ಯಾರಿಸ್‌ನಲ್ಲಿ ಸ್ಪರ್ಧೆಗಳು 16 ಆದಾಗ ಅದನ್ನು ಸೇರಿಸಿದರು. ಮಹಿಳೆಯರ ಎಸ್‌ಎಲ್ 4 ಸಿಂಗಲ್ಸ್ ಎರಡು ಕಡೆಯೂ ಇತ್ತು. ಭಾರತದ ಗಂಡಸರಲ್ಲಿ ಈ ವರ್ಗದಲ್ಲಿ ದಟ್ಟ ಪೈಪೋಟಿ ಇದೆ, ಪ್ಯಾರಿಸ್‌ಗೆ ಸುಹಾಸ್, ಸುಕಾಂತ್, ತರುಣ್ ಧಿಲ್ಲೋನ್ ಮೂವರು ಹೋಗಿದ್ದರು. ಹೆಂಗಸರಲ್ಲಿ ಹೋದದ್ದು ಪಲಕ್ ಕೊಹ್ಲಿ. ಹುಡುಗಿಯರಿಗೆ ಇಲ್ಲಿ ಜಾಗ ಇದೆ ಎಂದು ನಾನು ಧೈರ್ಯವಾಗಿ ಹೇಳುವುದು ಅದಕ್ಕೇ.

ಈಗ ಅವಳ ಆಟಕ್ಕೆ ಬರೋಣ. ಬಲಗೈ ಆಟ, ಗಿಡ್ಡ ಇರುವುದು ಎಡಗಾಲು. ಇದರಲ್ಲಿ ಒಂದು ಅನುಕೂಲ, ಒಂದು ಅನನುಕೂಲ. ಬಲಗೈಯವರು ಬಲೆಯ ಹತ್ತಿರ ಚಾಚಿ ಆಡುವಾಗ ಮುಂದೆ ಹಾಕುವುದು ಬಲಗಾಲು, ಭಾರವೆಲ್ಲ ಅದರ ಮೇಲೆ. ಆ ಕಾಲು ಗಟ್ಟಿಯಾಗಿರುವುದರಿಂದ ನೆಟ್ ಆಟದಲ್ಲಿ ಅವಳು ಯಾರಿಗೂ ಕಡಿಮೆಯಾಗಬೇಕಿಲ್ಲ. ಡ್ರಾಪ್, ನೆಟ್ ಶಾಟ್, ಸರ್ವ್ ಇವು ಅವಳ ಬಂಡವಾಳ. ತೊಂದರೆ ಬರುವುದು ಹಿಂದಿನ ಗೆರೆಯ ಹತ್ತಿರ. ತಲೆಯ ಮೇಲಿಂದ ಹೊಡೆಯುವಾಗ ಬಲಗಾಲಿನಿಂದ ಜಿಗಿದು, ಗಾಳಿಯಲ್ಲಿ ಕಾಲು ಅದಲುಬದಲು ಮಾಡಿ, ಎಡಗಾಲಿನ ಮೇಲೆ ಇಳಿಯಬೇಕು. ಅದರಲ್ಲೂ ಹಿಂದಿನ ಎಡಮೂಲೆಗೆ ಬಂದ ಶಟಲನ್ನು ತಲೆಯ ಸುತ್ತಿನಿಂದ ಹೊಡೆದರೆ ಇಡೀ ದೇಹದ ಭಾರ ಎಡಪಾದದ ಮುಂಭಾಗಕ್ಕೆ ಬೀಳುತ್ತದೆ. ಗಿಡ್ಡ ಕಾಲು ನೆಲ ಮುಟ್ಟುವುದು ತುದಿಗಾಲಿನಲ್ಲೇ, ಮೀನಖಂಡ ಬೇಗ ದಣಿಯುತ್ತದೆ, ಸೊಂಟ ಒಂದು ಬದಿಗೆ ಕುಸಿಯುತ್ತದೆ. ತಿಳಿದ ಎದುರಾಳಿ ಎರಡನೇ ಗೇಮಿನಿಂದ ಆ ಮೂಲೆಗೇ ಕಳಿಸುತ್ತಾ ಇರುತ್ತಾಳೆ.

ಇದಕ್ಕೆ ಉಪಾಯವಿದೆ. ಅವಳು ನಿಲ್ಲುವ ಜಾಗವನ್ನೇ ನಡುವಿನಿಂದ ಒಂದು ಹೆಜ್ಜೆ ಹಿಂದಕ್ಕೆ, ಅರ್ಧ ಹೆಜ್ಜೆ ಎಡಕ್ಕೆ ತನ್ನಿ. ಮುಂದಕ್ಕೆ ಅವಳು ಚೆನ್ನಾಗಿ ಚಾಚಬಲ್ಲಳು, ಆದ್ದರಿಂದ ಆ ನಷ್ಟ ತುಂಬಿಕೊಳ್ಳುತ್ತದೆ. ಎಡಮೂಲೆಯಲ್ಲಿ ಜಿಗಿಯುವುದನ್ನು ಸದ್ಯಕ್ಕೆ ಪೂರ್ತಿ ನಿಲ್ಲಿಸಿ. ಜಾರುಹೆಜ್ಜೆಯಲ್ಲಿ ಹೋಗಿ, ನಿಂತು, ಬ್ಯಾಕ್‌ಹ್ಯಾಂಡ್‌ನಲ್ಲಿ ಎತ್ತಿ ಹೊಡೆಯಲು ಕಲಿಯಲಿ. ಬೇರೆ ಹುಡುಗಿಯರು ಹದಿನಾರರ ತನಕ ಮುಂದೂಡುವ ಬ್ಯಾಕ್‌ಹ್ಯಾಂಡ್ ಕ್ಲಿಯರ್, ಅಂದರೆ ಎದುರಾಳಿಯ ಹಿಂದಿನ ಗೆರೆಯ ತನಕ ಎತ್ತರವಾಗಿ ಕಳಿಸುವ ಹೊಡೆತ, ಅವಳಿಗೆ ಈಗಲೇ ಬೇಕು. ಅಲ್ಲಿಂದ ನೇರವಾಗಿ ಹೊಡೆಯುವುದಕ್ಕಿಂತ ಎದುರು ಮೂಲೆಗೆ ಎತ್ತರವಾಗಿ ಕಳಿಸಿದರೆ ವಾಪಸ್ ಬರಲು ಸಮಯ ಸಿಗುತ್ತದೆ. ಇನ್ನು ದೇಹದ ಕೆಲಸ: ಒಂಟಿಕಾಲಿನಲ್ಲಿ ನಿಲ್ಲುವುದು, ಒಂಟಿಕಾಲಿನಲ್ಲಿ ಅರ್ಧ ಕೂತು ಏಳುವುದು, ಸೊಂಟದ ಪಕ್ಕದ ಸ್ನಾಯುಗಳ ವ್ಯಾಯಾಮ. ಎಡಗಾಲಿಗೆ ಮೊದಲು, ಬಲಗಾಲಿಗೂ ಬಿಡದೆ. ಎಷ್ಟೋ ಕೋಚ್‌ಗಳು ದುರ್ಬಲ ಕಾಲನ್ನೇ ನೋಡುತ್ತಾರೆ. ಆದರೆ ಎರಡೂ ಕಾಲಿನ ಕೆಲಸ ಹೊತ್ತು ಮೊದಲು ಕೈಕೊಡುವುದು ಸಾಮಾನ್ಯವಾಗಿ ಗಟ್ಟಿ ಕಾಲಿನ ಮಂಡಿ.

ಶೂ ಬಗ್ಗೆ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಪೇಟೆಯಲ್ಲಿ ಸಿಗುವ ದಪ್ಪ ಹಿಮ್ಮಡಿ ತುಣುಕು ಶೂ ಒಳಗೆ ಹಾಕಿದರೆ ಹಿಮ್ಮಡಿ ಮೇಲೆದ್ದು, ಪಕ್ಕಕ್ಕೆ ಓಡುವಾಗ ಪಾದ ಉಳುಕುತ್ತದೆ. ಎತ್ತರ ಬೇಕೆಂದರೆ ಅಟ್ಟೆಯ ಹೊರಗಿನಿಂದ, ಅಗಲವಾಗಿ, ಪೂರ್ತಿ ವ್ಯತ್ಯಾಸಕ್ಕಿಂತ ಕಡಿಮೆಯೇ ಕೂರಿಸಬೇಕು.

ಕೊಡಗಿನ ಅಂಗಳದ ಬಗ್ಗೆಯೂ ಹೇಳಬೇಕು. ಕಾಫಿ ಕಣದಲ್ಲಿ ಆಡಿ ಬೆಳೆದವರು ನಮ್ಮಲ್ಲಿ ಬಹಳ ಮಂದಿ. ಕಣ್ಣಿಗೂ ಕೈಗೂ ಅದು ಒಳ್ಳೆಯದೇ, ಗಾಳಿಯಲ್ಲಿ ಹೊರಳುವ ಶಟಲನ್ನು ಹಿಡಿಯಲು ಕಲಿತ ಮಗುವಿನ ಮಣಿಕಟ್ಟು ಚುರುಕಾಗಿರುತ್ತದೆ. ಆದರೆ ಸಿಮೆಂಟು ನೆಲ ಎರಡು ಕಾಲೂ ಸರಿಯಿರುವವರ ಮಂಡಿಯನ್ನೇ ಸುಮ್ಮನೆ ಬಿಡುವುದಿಲ್ಲ. ಕಣದಲ್ಲಿ ವಾರಕ್ಕೆ ಎರಡು ಮೂರು ದಿನ, ಜಿಗಿತವಿಲ್ಲದೆ, ಹೊಡೆತದ ಅಭ್ಯಾಸ ಮಾತ್ರ ಸಾಕು. ಓಡಾಟದ ಅಭ್ಯಾಸಕ್ಕೆ ಮರದ ಅಥವಾ ಸಿಂಥೆಟಿಕ್ ಹಾಸಿನ ಒಳಾಂಗಣ ಬೇಕು. ಮಡಿಕೇರಿಗೋ ಕುಶಾಲನಗರಕ್ಕೋ ವಾರಾಂತ್ಯದಲ್ಲಿ ಬಸ್ಸಿಗೆ ಹೋಗಿ ಬರುವುದು ನಿಮಗೆ ಕಷ್ಟವಾಗಲಾರದು. ಮಳೆಗಾಲದ ತಿಂಗಳುಗಳಲ್ಲಿ, ಶಾಲೆಗೇ ರಜೆ ಕೊಡುವಂಥ ಮಳೆಯಲ್ಲಿ, ಅದೂ ಆಗುವುದಿಲ್ಲ. ಆ ಸಮಯವನ್ನು ಮನೆಯೊಳಗಿನ ಕಾಲಿನ ವ್ಯಾಯಾಮಕ್ಕೂ ಗೋಡೆಗೆ ಹೊಡೆಯುವ ಅಭ್ಯಾಸಕ್ಕೂ ಇಟ್ಟುಕೊಳ್ಳಿ. ಮೂರು ತಿಂಗಳು ಶಿಸ್ತಾಗಿ ಮಾಡಿದರೆ ಮಳೆ ಬಿಟ್ಟ ಮೇಲೆ ಅಂಗಳಕ್ಕೆ ಇಳಿದಾಗ ಹೆಜ್ಜೆಯಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಚಿಕ್ಕ ವಿಷಯ, ಹೊರಗಿನ ಕೋಚ್‌ಗಳಿಗೆ ತೋಚದೆ ಹೋಗಬಹುದು. ಮಡಿಕೇರಿ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಗಾಳಿ ತೆಳುವಾದಷ್ಟೂ ಶಟಲ್ ದೂರ ಹೋಗುತ್ತದೆ. ಡಬ್ಬಿಯ ಮೇಲೆ 76, 77, 78 ಎಂದು ವೇಗದ ಅಂಕಿ ಇರುತ್ತದಲ್ಲ, ಎತ್ತರದ ಊರಲ್ಲಿ ಚಿಕ್ಕ ಅಂಕಿಯದನ್ನು ಬಳಸಬೇಕು. ಇಲ್ಲಿ ಹಿಂದಿನ ಗೆರೆಗೆ ಸರಿಯಾಗಿ ಬೀಳುತ್ತಿದ್ದ ಕ್ಲಿಯರ್ ಮಂಗಳೂರಿನಲ್ಲಿ ಗಿಡ್ಡವಾಗಿ ಎದುರಾಳಿಯ ಸ್ಮ್ಯಾಷ್‌ಗೆ ಸಿಕ್ಕಿಬಿಡುತ್ತದೆ. ಕೂಟಕ್ಕೆ ಒಂದು ದಿನ ಮುಂಚೆ ಹೋಗಿ ಹೊಡೆದು ನೋಡಿಕೊಳ್ಳಲಿ.

ನಿಮ್ಮ ಮನೆಯವರ ಚಿಂತೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕುಂಟುವ ಹೆಣ್ಣುಮಗಳ ತಾಯಿ ಎಂಥೆಂಥ ಮಾತು ಕೇಳಿರುತ್ತಾಳೆ ಎಂದು ಊಹಿಸಬಲ್ಲೆ. ಅವರಿಗೆ ಎರಡು ಮಾತು ಹೇಳಿ. ಒಂದು, ಪ್ಯಾರಾ ಕೂಟದಲ್ಲಿ ಹೆಸರು ಬರೆಸಿದರೆ ಮಿಕ್ಕ ಆಟದಿಂದ ಹೆಸರು ತೆಗೆಯಬೇಕೆಂದಿಲ್ಲ. ಶಾಲೆಯ, ಹೋಬಳಿಯ, ತಾಲ್ಲೂಕಿನ ಕೂಟಗಳಲ್ಲಿ ಎಲ್ಲರ ಜೊತೆ ಆಡಲಿ, ಆಡಲೇಬೇಕು. ಎರಡು ಕಾಲೂ ನೆಟ್ಟಗಿರುವವರ ಎದುರು ಆಡಿದಾಗ ಬರುವ ವೇಗ, ಮುಂದೆ ಅವಳ ವರ್ಗದಲ್ಲಿ ಅವಳಿಗೆ ದೊಡ್ಡ ಬಲವಾಗುತ್ತದೆ. ಎರಡನೆಯದು, ಕೊಡಗಿನ ಜನ ಆಟಗಾರರನ್ನು ನೋಡುವ ಕಣ್ಣೇ ಬೇರೆ. 1997ರಿಂದ ನಡೆದು ಬಂದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಹೆಣ್ಣುಮಕ್ಕಳೂ ವಯಸ್ಸಾದವರೂ ಮನೆತನದ ಜರ್ಸಿ ತೊಟ್ಟು ಮೈದಾನಕ್ಕೆ ಇಳಿಯುತ್ತಾರೆ, ಗ್ಯಾಲರಿಯಲ್ಲಿ ಕೂತವರು ಆಟಕ್ಕೇ ಚಪ್ಪಾಳೆ ತಟ್ಟುತ್ತಾರೆ. ಬ್ಯಾಡ್ಮಿಂಟನ್‌ನಲ್ಲಿ ಅಶ್ವಿನಿ ಪೊನ್ನಪ್ಪ ಇದೇ ನೆಲದ ಮನೆತನದವರು, 2010ರ ದೆಹಲಿ ಕಾಮನ್‌ವೆಲ್ತ್‌ನಲ್ಲಿ ಜ್ವಾಲಾ ಗುಟ್ಟಾ ಜೊತೆ ಡಬಲ್ಸ್ ಚಿನ್ನ, ಮರುವರ್ಷ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ಮಾತಾಡುವವರು ಅವಳು ಆಡದೆ ಮನೆಯಲ್ಲಿ ಕೂತರೂ ಮಾತಾಡುತ್ತಾರೆ. ಇಷ್ಟೆಲ್ಲ ಹೇಳಿದ ಮೇಲೂ ಕೊನೆಯ ತೀರ್ಮಾನ ಮಗಳದು. ಪ್ಯಾರಾ ಕೂಟಕ್ಕೆ ಹೋಗಲು ಅವಳಿಗೆ ಮನಸ್ಸಿದೆಯೇ ಎಂದು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಕೇಳಿ.

ಹಣದ ವಿಷಯದಲ್ಲಿ ಕಣ್ಣು ತೆರೆದಿರಲಿ. ರಾಜ್ಯ ಕೂಟ, ರಾಷ್ಟ್ರೀಯ ಕೂಟ, ಆಮೇಲೆ ವಿದೇಶದ ಕೂಟಗಳು, ಹೀಗೆ ಮೆಟ್ಟಿಲು. ಖೇಲೋ ಇಂಡಿಯಾ ಪ್ಯಾರಾ ಗೇಮ್ಸ್ 2023ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಶುರುವಾಯಿತು, 2025ರ ಮಾರ್ಚ್‌ನಲ್ಲಿ ಎರಡನೆಯದು ನಡೆಯಿತು, ಎರಡರಲ್ಲೂ ಬ್ಯಾಡ್ಮಿಂಟನ್ ಇತ್ತು. ವಿಶ್ವ ರ‍್ಯಾಂಕಿಂಗ್ ಬರುವುದು ಅಂತರರಾಷ್ಟ್ರೀಯ ಕೂಟಗಳನ್ನು ಆಡಿದರೆ ಮಾತ್ರ. ಪದಕದ ನಿರೀಕ್ಷೆಯ ಆಟಗಾರರಿಗೆ ನೆರವಾಗುವ ಕೇಂದ್ರದ ಟಾಪ್ಸ್ ಯೋಜನೆಯ ಕೋರ್ ತಂಡಕ್ಕೆ ಆಯ್ಕೆಯಾದವರಿಗೆ ತರಬೇತಿ, ಪ್ರಯಾಣದ ಖರ್ಚಿನ ಜೊತೆ ತಿಂಗಳಿಗೆ 50,000 ರೂಪಾಯಿ ಭತ್ಯೆ ಇದೆ, ಆದರೆ ಅದು ಸಿಗುವುದು ಮೇಲೆ ಹತ್ತಿದ ಮೇಲೆ. ಅಲ್ಲಿಯವರೆಗೆ ಹಲವರು ಕೈಯಿಂದಲೇ ಹಾಕುತ್ತಾರೆ. ರಾಷ್ಟ್ರೀಯ ಮಟ್ಟದಲ್ಲಿ ತನ್ನ ವರ್ಗದ ಸೆಮಿಫೈನಲ್‌ಗಾದರೂ ಬರುವ ತನಕ ವಿದೇಶದ ಕೂಟಕ್ಕೆ ಸಾಲ ಮಾಡಬೇಡಿ. ಇಂಥಲ್ಲಿಗೆ ಕಳಿಸುತ್ತೇವೆ, ಇಷ್ಟು ಕಟ್ಟಿ ಎಂದು ಫೋನು ಮಾಡುವವರೂ ಇದ್ದಾರೆ. ರಾಜ್ಯ ಸಂಸ್ಥೆಯಲ್ಲಿ ವಿಚಾರಿಸದೆ ಒಂದು ಪೈಸೆ ಕೊಡಬೇಡಿ.

ಕಾಗದಪತ್ರದ ಶಿಸ್ತು ಈಗಿನಿಂದಲೇ ಇರಲಿ. ಟೋಕಿಯೊದಲ್ಲಿ ಎಸ್‌ಎಲ್ 3ರ ಚಿನ್ನ ಗೆದ್ದ ಪ್ರಮೋದ್ ಭಗತ್ ಪ್ಯಾರಿಸ್‌ಗೆ ಹೋಗಲಾಗಲಿಲ್ಲ. ಉದ್ದೀಪನ ಮದ್ದಿನ ಪರೀಕ್ಷಕರಿಗೆ ತಾನು ಎಲ್ಲಿರುತ್ತೇನೆ ಎಂದು ತಿಳಿಸುವ ನಿಯಮದಲ್ಲಿ 12 ತಿಂಗಳಲ್ಲಿ ಮೂರು ಸಲ ಲೋಪವಾಗಿ 18 ತಿಂಗಳ ನಿಷೇಧ ಬಿತ್ತು. ಅಂಗಳದಲ್ಲಿ ಯಾರೂ ಕಸಿಯಲಾಗದ ಪದಕದ ಅವಕಾಶ ಹಾಗೆ ಹೋಯಿತು. ನಿಮ್ಮ ಮಗಳಿಗೆ ಆ ನಿಯಮ ಇನ್ನೂ ದೂರದ ಮಾತು. ಆದರೆ ಪ್ರತಿ ಎಕ್ಸ್‌ರೇ, ಪ್ರತಿ ವರದಿ, ಕುಡಿದ ಔಷಧದ ಚೀಟಿ ಒಂದೇ ಫೈಲಿನಲ್ಲಿ ತಾರೀಕು ಪ್ರಕಾರ ಇಡುವುದನ್ನು ಇವತ್ತೇ ಶುರು ಮಾಡಬಹುದು. ಲೆಕ್ಕಪುಸ್ತಕ ಬರೆಯುವ ನಿಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಸದ್ಯಕ್ಕೆ ಮಾಡಬೇಕಾದದ್ದು ಇಷ್ಟು. ಮೂಳೆ ಡಾಕ್ಟರ ಬಳಿ ಹೋಗಿ ಎರಡೂ ಕಾಲುಗಳ ಪೂರ್ಣ ಉದ್ದದ ಎಕ್ಸ್‌ರೇ, ಅದಕ್ಕೆ ಸ್ಕ್ಯಾನೋಗ್ರಾಮ್ ಎನ್ನುತ್ತಾರೆ, ಮಾಡಿಸಿ. ಕಣಕಾಲಿನ ಚಲನೆ ಮತ್ತು ಸ್ನಾಯುವಿನ ಬಲದ ಪರೀಕ್ಷೆಯನ್ನೂ ಬರೆಸಿಕೊಳ್ಳಿ. ಬೆಳವಣಿಗೆ ಇನ್ನೆಷ್ಟು ವರ್ಷ ಉಳಿದಿದೆ, ಆಪರೇಷನ್ ಬೇಕೇ ಎಂದು ಬಾಯಿಬಿಟ್ಟು ಕೇಳಿ. ವರದಿ ಕೈಗೆ ಬಂದ ಮೇಲೆ ಅಂಕಿಗಳನ್ನು ನನಗೆ ಬರೆಯಿರಿ. 7 ಸೆಂಟಿಮೀಟರ್ ಮುಟ್ಟಿದ್ದರೆ, ಅಥವಾ ಕಣಕಾಲಿನ ಪರೀಕ್ಷೆಯಲ್ಲಿ ಹೆಚ್ಚಿನ ಕೊರತೆ ಕಂಡಿದ್ದರೆ, ಮುಂದಿನ ರಾಜ್ಯ ಕೂಟದ ವರ್ಗೀಕರಣಕ್ಕೆ ಯಾವ ಯಾವ ಕಾಗದ ಹೇಗೆ ಸಿದ್ಧಮಾಡಬೇಕು ಎಂದು ಹೇಳುತ್ತೇನೆ. ಅದಕ್ಕಿಂತ ಕಡಿಮೆ ಇದ್ದರೆ ಶಾಲಾ ಕೂಟಗಳನ್ನೇ ಗುರಿ ಮಾಡಿಕೊಂಡು ಅಭ್ಯಾಸ ಹೇಗಿರಬೇಕು ಎಂದು ಬರೆಯುತ್ತೇನೆ. ಎರಡರಲ್ಲಿ ಯಾವುದಾದರೂ ಸರಿ, ಹಿಂದಿನ ಎಡಮೂಲೆಯ ಬ್ಯಾಕ್‌ಹ್ಯಾಂಡ್ ಅಭ್ಯಾಸವನ್ನು ಈ ವಾರವೇ ಶುರು ಮಾಡಿಸಿ.